ಮೈಸೂರಿನ ಗೊರಿಲ್ಲಾದ ಹೊಟ್ಟೆಯೂ ಚಿಕ್ಕಮ್ಮನ ಹೊಟ್ಟೆಯೂ

ಪ್ರಶ್ನೆ: ಡಾಕ್ಟ್ರೇ, ನಾವು ಸುರತ್ಕಲ್‌ನವರು. ದಸರಾ ರಜೆಯಲ್ಲಿ ಮೈಸೂರು ಝೂಗೆ ಹೋಗಿದ್ದೆವು. ಅಲ್ಲಿ ಎರಡು ಗೊರಿಲ್ಲಾ ಉಂಟಲ್ಲ, ಒಂದರ ಹೊಟ್ಟೆ ಇಷ್ಟು ದೊಡ್ಡದು. ನನ್ನ ಮಗಳು ನಾಲ್ಕನೇ ಕ್ಲಾಸು, "ಅಮ್ಮಾ, ಅದಕ್ಕೂ ಚಿಕ್ಕಮ್ಮನ ಹಾಗೆ ಹೊಟ್ಟೆಯಲ್ಲಿ ಪಾಪು ಉಂಟು" ಅಂತ ಜೋರು ಹೇಳಿಬಿಟ್ಟಳು (ನನ್ನ ತಂಗಿಗೆ ಈಗ ಏಳು ತಿಂಗಳು, ಮೊನ್ನೆ ಸೀಮಂತ ಆಯ್ತು). ಸುತ್ತ ನಿಂತವರೆಲ್ಲ ನಗಾಡಿದ್ರು. ಅದು ನಿಜವಾಗಿ ಬಸುರಿಯಾ? ಗೊರಿಲ್ಲಾಕ್ಕೆ ಎಷ್ಟು ತಿಂಗಳಿಗೆ ಹೆರಿಗೆ? ಗಂಡು ಮರಿಯನ್ನು ನೋಡಿಕೊಳ್ತದಾ? ಮತ್ತೊಂದು, ಸತ್ತ ಮರಿಯನ್ನು ಹೊತ್ತುಕೊಂಡು ತಿರುಗುವ ಒಂದು ತಾಯಿ ಗೊರಿಲ್ಲಾದ ಹಳೆ ವಿಡಿಯೋ ಮೊಬೈಲಲ್ಲಿ ನೋಡಿ ಮಗಳು ಎರಡು ದಿನ ಸರಿ ಊಟ ಮಾಡ್ಲಿಲ್ಲ, ಅವಳಿಗೆ ಎಂತ ಹೇಳುದು? ನಮ್ಮ ಮಂಗಳೂರಿನ ಪಿಲಿಕುಳ ಝೂಗೂ ಒಂದು ಜೋಡಿ ತಂದ್ರೆ ಆಗುದಿಲ್ವಾ?

ಉತ್ತರ: ನಗಾಡಿದವರಲ್ಲಿ ಅರ್ಧ ಜನಕ್ಕೆ ಉತ್ತರ ಗೊತ್ತಿರ್ಲಿಕ್ಕಿಲ್ಲ, ಹಾಗಾಗಿ ಮಗಳಿಗೆ ನಾಚಿಕೆ ಪಡ್ಬೇಡ ಅಂತ ಹೇಳಿ. ನೀವು ನೋಡಿದ್ದು ಥಾಬೋ ಮತ್ತೆ ಡೆಂಬಾ, 2021ರ ಆಗಸ್ಟಲ್ಲಿ ಜರ್ಮನಿಯಿಂದ ಬಂದದ್ದು, ಬರುವಾಗ ಒಬ್ಬನಿಗೆ 14 ವರ್ಷ ಇನ್ನೊಬ್ಬನಿಗೆ 8. ಇಬ್ಬರೂ ಗಂಡು ಮಾರಾಯ್ರೆ. ಹಾಗಾಗಿ ಆ ಹೊಟ್ಟೆಯಲ್ಲಿ ಪಾಪು ಇಲ್ಲ, ಇರುದು ಸೊಪ್ಪು.

ತಮಾಷೆಗೆ ಹೇಳಿದ್ದಲ್ಲ ಇದು. ಗೊರಿಲ್ಲಾ ದಿನ ಇಡೀ ತಿನ್ನುದು ಎಲೆ, ದಂಟು, ಕಾಂಡ, ನಾರು. ನಮ್ಮ ಹಟ್ಟಿಯ ದನಕ್ಕಾದ್ರೆ ನಾಲ್ಕು ಕೋಣೆಯ ಹೊಟ್ಟೆ ಉಂಟು, ನುಂಗಿದ್ದನ್ನು ವಾಪಸ್ ತಂದು ಮೆಲುಕು ಹಾಕ್ತದೆ. ಗೊರಿಲ್ಲಾಕ್ಕೆ ಆ ವ್ಯವಸ್ಥೆ ಇಲ್ಲ, ನಮ್ಮ ಹಾಗೇ ಒಂದೇ ಹೊಟ್ಟೆ, ಆದ್ರೆ ದೊಡ್ಡ ಕರುಳು ಮಾತ್ರ ಭಯಂಕರ ದೊಡ್ಡದು, ಅದರೊಳಗೆ ಆ ನಾರೆಲ್ಲ ನಿಧಾನಕ್ಕೆ ಹುಳಿ ಬರ್ತಾ ಇರ್ತದೆ, ಗ್ಯಾಸ್ ಬೇರೆ. ಅದಕ್ಕೇ ಗಂಡಾಗ್ಲಿ ಹೆಣ್ಣಾಗ್ಲಿ ಮದುವೆ ಊಟ ಮುಗಿಸಿ ಎದ್ದವರ ಹಾಗೆ ಕಾಣುದು. ಇದರಿಂದ ಎಂತ ಆಗ್ತದೆ ಅಂದ್ರೆ ನಿಜವಾದ ಬಸುರಿ ಗೊರಿಲ್ಲಾವನ್ನು ಬರೀ ಕಣ್ಣಲ್ಲಿ ಗುರ್ತು ಹಿಡಿಯುದು ದಿನಾ ಊಟ ಹಾಕುವ ಕೀಪರ್‌ಗೂ ಕಷ್ಟ, ಹೆರಿಗೆ ಆದ ದಿನ ಬೆಳಿಗ್ಗೆ ಬಾಗಿಲು ತೆಗೆದಾಗ್ಲೇ ಗೊತ್ತಾದ ಉದಾಹರಣೆಗಳು ಎಷ್ಟೋ. ನಿಮ್ಮ ಮಗಳು ಮಾಡಿದ್ದು ಆ ತಪ್ಪೇ, ತಿರುಗಿಸಿ ಮಾಡಿದ್ದು ಅಷ್ಟೆ.

ಹಾಗಾದ್ರೆ ಗೊತ್ತು ಮಾಡುದು ಹೇಗೆ? ಇದನ್ನು ಕೇಳಿದ್ರೆ ನಿಮ್ಮ ತಂಗಿಗೆ ನಗು ಬರ್ಬಹುದು. ಮೆಡಿಕಲ್ ಶಾಪಲ್ಲಿ ಸಿಗ್ತದಲ್ಲ ಎರಡು ಗೆರೆ ಬರುವ ಕಾರ್ಡು, ಅದೇ. ಬಸಿರು ನಿಂತಾಗ ನಮ್ಮ ಮೂತ್ರದಲ್ಲಿ ಬರುವ ಹಾರ್ಮೋನಿಗೂ ಗೊರಿಲ್ಲಾದ್ದಕ್ಕೂ ಎಷ್ಟು ಹೋಲಿಕೆ ಉಂಟು ಅಂದ್ರೆ ಕಾರ್ಡಿಗೆ ವ್ಯತ್ಯಾಸ ಗೊತ್ತಾಗುದಿಲ್ಲ. ಕೀಪರ್ ಬೆಳಿಗ್ಗೆ ನೆಲದಲ್ಲಿ ಬಿದ್ದ ಮೂತ್ರವನ್ನು ಸಿರಿಂಜಲ್ಲಿ ಎಳೆದು ನಾಲ್ಕು ಹನಿ ಹಾಕ್ತಾನೆ, ಮುಗೀತು. ನಾನು ಇಪ್ಪತ್ತು ವರ್ಷದಿಂದ ದನದ ಗಬ್ಬ ನೋಡ್ಲಿಕ್ಕೆ ಹೆಗಲಿನವರೆಗೆ ಗ್ಲೌಸ್ ಹಾಕಿ ಕೈ ಒಳಗೆ ಹಾಕುವವಳು, ಮಳೆಗಾಲದಲ್ಲಿ ಆ ಕೆಸರಲ್ಲಿ ನಿಂತು ಒದೆ ತಿನ್ನುವಾಗೆಲ್ಲ ಈ ಕಾರ್ಡು ನೆನಪಾಗಿ ಹೊಟ್ಟೆ ಉರೀತದೆ.

ಸ್ಕ್ಯಾನಿಂಗೂ ಮಾಡ್ತಾರೆ. ಮದ್ದು ಕೊಟ್ಟು ಮಲಗಿಸಿ ಅಲ್ಲ, ಎಚ್ಚರದಲ್ಲೇ. ಮೊದ್ಲಿಂದಲೇ ಅಭ್ಯಾಸ ಮಾಡಿಸ್ತಾರೆ: ಜಾಲರಿ ಹತ್ತಿರ ಬಾ, ಹೊಟ್ಟೆ ಒತ್ತಿ ನಿಲ್ಲು, ನಿಂತ್ರೆ ಒಂದು ತುಂಡು ಹಣ್ಣು. ಮೊದಲ ವಾರ ಬರೀ ಬಂದು ನಿಲ್ಲುದು, ಆಮೇಲೆ ಒಂದು ಕೋಲು ಮುಟ್ಟಿಸುದು, ಆಮೇಲೆ ಆ ತಣ್ಣಗಿನ ಜೆಲ್ಲು, ಹೀಗೆ ತಿಂಗಳುಗಟ್ಟಲೆ. ಮನಸ್ಸಿಲ್ಲದಿದ್ರೆ ಎದ್ದು ಹೋಗ್ತದೆ, ಹೋಗ್ಲಿಕ್ಕೆ ಬಿಡ್ಬೇಕು. ಒತ್ತಾಯ ಮಾಡಿದ್ರೆ ಇಷ್ಟು ದಿನದ ಕೆಲಸ ಎಲ್ಲಾ ನೀರಲ್ಲಿ ಹೋಮ.

ಇನ್ನು ತಿಂಗಳ ಲೆಕ್ಕ. ಸುಮಾರು ಎಂಟೂವರೆ ತಿಂಗಳು, 255 ದಿನದ ಆಸುಪಾಸು. ನಮಗಿಂತ ಸ್ವಲ್ಪ ಕಡಿಮೆ. ತಾಯಿ 70ರಿಂದ 90 ಕಿಲೋ ಇದ್ರೂ ಮರಿ ಹುಟ್ಟುವಾಗ ಬರೀ ಎರಡು ಕಿಲೋದ ಹತ್ತಿರ ಅಷ್ಟೆ, ತಲೆಯೂ ಸಣ್ಣದು, ಸೊಂಟದ ದಾರಿ ಅಗಲ, ಹಾಗಾಗಿ ಹೆರಿಗೆ ಸಾಮಾನ್ಯವಾಗಿ ನಮ್ಮಷ್ಟು ಕಷ್ಟದ್ದಲ್ಲ. ಹೆಚ್ಚಾಗಿ ರಾತ್ರಿಯೇ ಆಗುದು. ತಾಯಿಯೇ ಮರಿಯನ್ನು ಎಳೆದುಕೊಂಡು ಎದೆಗೆ ಹಿಡಿದು ನೆಕ್ಕಿ ಒರೆಸ್ತದೆ, ಮಾಸನ್ನೂ ಕೆಲವು ತಾಯಿಗಳು ತಿಂದುಬಿಡ್ತವೆ. ಅವಳಿ ತುಂಬಾ ಅಪರೂಪ. ಗಂಡಾ ಹೆಣ್ಣಾ ಅಂತ ಎಷ್ಟೋ ವಾರ ಕೀಪರ್‌ಗಳಿಗೂ ಗೊತ್ತಾಗುದಿಲ್ಲ, ತಾಯಿ ಅಷ್ಟು ಗಟ್ಟಿ ಅಪ್ಪಿಕೊಂಡಿರ್ತದೆ. ನಮ್ಮಲ್ಲಿ ಡಾಕ್ಟ್ರಿಗೆ ಗೊತ್ತಿದ್ರೂ ಹುಟ್ಟುವ ಮೊದಲು ಹೇಳುವ ಹಾಗಿಲ್ಲ, ಅಲ್ಲಿ ಹುಟ್ಟಿದ ಮೇಲೂ ಹೇಳ್ಲಿಕ್ಕಾಗುದಿಲ್ಲ.

ಎಲ್ಲಾ ಸಲ ಸುಲಭ ಆಗ್ತದೆ ಅಂತಲ್ಲ. 2014ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ಸಫಾರಿ ಪಾರ್ಕಲ್ಲಿ ಇಮಾನಿ ಅಂತ ಒಂದು ಗೊರಿಲ್ಲಾಕ್ಕೆ ಸಿಸೇರಿಯನ್ ಮಾಡ್ಬೇಕಾಯ್ತು. 2016ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಝೂದಲ್ಲಿ ಕೇರಾ ಅನ್ನುವ ಗೊರಿಲ್ಲಾಕ್ಕೆ ಹೆಂಗಸರಿಗೆ ಬಸುರಿಯಲ್ಲಿ ಬಿ.ಪಿ. ಏರ್ತದಲ್ಲ, ಅದೇ ತರದ ಲಕ್ಷಣ ಬಂತು, ಆಗ ಆಪರೇಷನ್ ಮಾಡಿದ್ದು ಪಶುವೈದ್ಯರಲ್ಲ, ಮನುಷ್ಯರ ಹೆರಿಗೆ ಡಾಕ್ಟ್ರೇ ಬಂದು ಮಾಡಿದ್ದು. ಮರಿ ಉಳೀತು, ಹೆಸರು ಅಫಿಯಾ. ಆದ್ರೆ ಕೇರಾಗೆ ಆಮೇಲೂ ಹುಷಾರಿಲ್ಲ, ಮರಿ ನೋಡಿಕೊಳ್ಳುವ ಸ್ಥಿತಿಯಲ್ಲಿರ್ಲಿಲ್ಲ. ಆ ಮರಿಯ ಕಥೆಗೆ ಆಮೇಲೆ ಬರ್ತೇನೆ, ಯಾಕಂದ್ರೆ ನಾನು ನಿಮಗೆ ಹೇಳ್ಬೇಕು ಅಂತಿರುದು ಹೆರಿಗೆ ನಂತರದ್ದೇ.

ನಮ್ಮಲ್ಲಿ ಒಂದು ಮಾತುಂಟು, ಹೆತ್ತವಳಿಗೆ ಸಾಕುದು ಕಲಿಸ್ಬೇಕಾ ಅಂತ. ದನಕ್ಕೆ ಕಲಿಸ್ಬೇಡ, ನಾಯಿಗೆ ಕಲಿಸ್ಬೇಡ, ಬೆಕ್ಕಿಗಂತೂ ಬೇಡವೇ ಬೇಡ. ಗೊರಿಲ್ಲಾಕ್ಕೆ ಕಲಿಸ್ಬೇಕು. ಅದು ತಾಯಿತನವನ್ನು ನೋಡಿ ಕಲಿಯುದು. ಸಣ್ಣದಿರುವಾಗ ತನ್ನ ಅಮ್ಮ ತಮ್ಮನನ್ನೋ ತಂಗಿಯನ್ನೋ ಹೇಗೆ ಹಿಡಿದುಕೊಂಡ್ಲು, ಹೇಗೆ ಹಾಲು ಕೊಟ್ಲು, ಪಕ್ಕದ ದೊಡ್ಡಮ್ಮ ಎಂತ ಮಾಡಿದ್ಲು, ಇದೆಲ್ಲ ವರ್ಷಗಟ್ಟಲೆ ಹತ್ತಿರ ಕೂತು ನೋಡಿ, ಮಧ್ಯೆ ಮಧ್ಯೆ ಪಾಪುವನ್ನು ಎತ್ತಿಕೊಂಡು ಓಡಿ ಬೈಸಿಕೊಂಡು ಬೆಳೆದ ಹೆಣ್ಣಿಗೆ ತನ್ನ ಚೊಚ್ಚಲ ಮರಿ ಬಂದಾಗ ಕೈ ತಾನಾಗಿ ಸರಿ ಜಾಗಕ್ಕೆ ಹೋಗ್ತದೆ. ಯಾವುದನ್ನೂ ನೋಡದೆ ಬೆಳೆದದ್ದಕ್ಕೆ ಮರಿ ಅಂದ್ರೆ ಕಿರುಚುವ ಒಂದು ವಸ್ತು ಅಷ್ಟೆ, ಹೆದರಿ ಬಿಟ್ಟು ಹೋಗ್ತದೆ. ತಲೆಕೆಳಗೆ ಹಿಡಿದುಕೊಂಡದ್ದೂ ಉಂಟು.

ಮೊದಮೊದಲು ಝೂಗಳಿಗೆ ಇದು ಗೊತ್ತೇ ಇರ್ಲಿಲ್ಲ. ಮೃಗಾಲಯದಲ್ಲಿ ಹುಟ್ಟಿದ ಪ್ರಪಂಚದ ಮೊದಲ ಗೊರಿಲ್ಲಾ ಕೋಲೋ, 1956ರ ಡಿಸೆಂಬರ್ 22ಕ್ಕೆ, ಅಮೆರಿಕದ ಕೊಲಂಬಸ್ ಝೂದಲ್ಲಿ. ಬೆಳಿಗ್ಗೆ ಒಬ್ಬ ಹುಡುಗ ಕೀಪರ್ ನೋಡುವಾಗ ಮರಿ ನೀರಿನ ಚೀಲದ ಒಳಗೇ ನೆಲದಲ್ಲಿ ಬಿದ್ದಿತ್ತು. ಅವನು ಚೀಲ ಹರಿದು ಬಾಯಿಗೆ ಬಾಯಿಟ್ಟು ಉಸಿರು ಊದಿ ಬದುಕಿಸಿದ. ಆಮೇಲೆ ಎಂತ ಮಾಡಿದ್ರು ಅಂದ್ರೆ ಫ್ರಾಕ್ ಹಾಕಿ, ಬಾಟಲಿ ಹಾಲು ಕೊಟ್ಟು ಮನುಷ್ಯರ ಮಗುವಿನ ಹಾಗೆ ಸಾಕಿದ್ರು. ಮೂರು ವರ್ಷ ಕಳೆದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಗೋಮಾ ಅಂತ ಇನ್ನೊಂದು ಹುಟ್ಟಿದಾಗ ಅಲ್ಲಿಯ ಝೂ ಡೈರೆಕ್ಟರ್ ಮನೆಗೇ ಕರ್ಕೊಂಡು ಹೋಗಿ ಬೆಳೆಸಿದ್ರು. ಆಗಿನ ಕಾಲಕ್ಕೆ ಅದೇ ದೊಡ್ಡ ಸಾಧನೆ, ತಪ್ಪು ಹೇಳ್ಲಿಕ್ಕಾಗುದಿಲ್ಲ, ಮರಿ ಬದುಕಿತಲ್ಲ (ಕೋಲೋ 60 ವರ್ಷ ಬದುಕಿ 2017ರ ಜನವರಿಯಲ್ಲಿ ತೀರಿಕೊಂಡದ್ದು). ಆದ್ರೆ ಹೀಗೆ ಬಾಟಲಿಯಲ್ಲಿ ಬೆಳೆದ ಹೆಣ್ಣುಗಳು ದೊಡ್ಡದಾಗಿ ಹೆತ್ತಾಗ ಎಷ್ಟೋ ಕಡೆ ಆ ಮರಿಯನ್ನೂ ಬಾಟಲಿಯಲ್ಲೇ ಸಾಕುವ ಗತಿ ಬಂತು. ಒಂದು ತಲೆಮಾರಿಗೆ ಅಮ್ಮ ಇಲ್ಲದಿದ್ರೆ ಮುಂದಿನ ತಲೆಮಾರಿಗೂ ಇಲ್ಲ.

ಈಗ ದಾರಿ ಪೂರ್ತಿ ಬೇರೆ. ಮರಿಗೆ ಬಾಟಲಿ ಹಾಲು ಕೊಡ್ಲೇಬೇಕಾದ್ರೂ ಕೀಪರ್‌ಗಳು ಉದ್ದ ಎಳೆಗಳಿರುವ ಒಂದು ಜಾಕೆಟ್ ಹಾಕಿಕೊಳ್ತಾರೆ, ಮರಿ ಅಮ್ಮನ ರೋಮ ಹಿಡಿದ ಹಾಗೆ ಅದನ್ನು ಹಿಡಿದು ನೇತಾಡ್ಲಿಕ್ಕೆ. ಗೊರಿಲ್ಲಾ ಮನೆಯ ಒಳಗೇ, ಜಾಲರಿ ಆಚೆ ಬಳಗ ಕಾಣುವ ಹಾಗೆ, ವಾಸನೆ ಸಿಗುವ ಹಾಗೆ ಇಟ್ಟುಕೊಳ್ತಾರೆ. ಅಷ್ಟರಲ್ಲಿ ಗುಂಪಿನ ಒಂದು ಒಳ್ಳೆ ಹೆಣ್ಣಿಗೆ, ಮರಿಯನ್ನು ಜಾಲರಿ ಹತ್ತಿರ ತಂದು ಬಾಟಲಿ ಕುಡಿಸ್ಲಿಕ್ಕೆ ಬಿಡು ಅಂತ ಅಭ್ಯಾಸ ಮಾಡಿಸ್ತಾರೆ. ಬ್ರಿಸ್ಟಲ್‌ನ ಅಫಿಯಾ ಕಥೆ ಹೀಗೇ ಆದದ್ದು, ತಿಂಗಳುಗಟ್ಟಲೆ ಕೀಪರ್‌ಗಳ ಕೈಯಲ್ಲಿ ಇದ್ದು ಆಮೇಲೆ ರೊಮಿನಾ ಅನ್ನುವ ಹೆಣ್ಣು ಅದನ್ನು ತನ್ನದು ಅಂತ ತೆಗೊಂಡ್ಲು.

ಚಿಕಾಗೋ ಹತ್ತಿರದ ಬ್ರೂಕ್‌ಫೀಲ್ಡ್ ಝೂದ ಬಿಂಟಿ ಜುವಾ ಕಥೆ ನಿಮಗೆ ಗೊತ್ತಿರ್ಬಹುದು. 1996ರ ಆಗಸ್ಟಲ್ಲಿ ಮೂರು ವರ್ಷದ ಒಬ್ಬ ಹುಡುಗ ಮೇಲಿಂದ ಆವರಣಕ್ಕೆ ಬಿದ್ದಾಗ ಅವಳು ಬೆನ್ನ ಮೇಲೆ ತನ್ನ ಮರಿ ಕೂಲಾ ಇದ್ದ ಹಾಗೇ ಆ ಹುಡುಗನನ್ನು ಎತ್ತಿ ತೂಗಿ, ಕೀಪರ್‌ಗಳ ಬಾಗಿಲ ಹತ್ತಿರ ತಂದು ಇಟ್ಲು. ಎಲ್ಲರೂ ತಾಯಿ ಹೃದಯ ತಾಯಿ ಹೃದಯ ಅಂತ ಹೊಗಳುದು. ಯಾರೂ ಹೇಳದ ವಿಷಯ ಎಂತ ಅಂದ್ರೆ ಈ ಬಿಂಟಿಯೂ ಮನುಷ್ಯರ ಕೈಯಲ್ಲಿ ಬೆಳೆದವಳೇ, ಹಾಗಾಗಿ ಬಸುರಿ ಇರುವಾಗ ಕೀಪರ್‌ಗಳು ಒಂದು ಗೊಂಬೆ ಕೊಟ್ಟು ಹೀಗೆ ಹಿಡ್ಕೊ, ಹೀಗೆ ತಾ ಅಂತ ಪಾಠ ಮಾಡಿದ್ರು. ಹೃದಯ ಇತ್ತು, ಸರಿ, ಟ್ರೈನಿಂಗೂ ಇತ್ತು.

2024ರಲ್ಲಿ ಐರ್ಲೆಂಡಿನ ಡಬ್ಲಿನ್ ಝೂದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದ್ರು. ಅಲ್ಲಿ ಒಂದು ಬಸುರಿ ಗೊರಿಲ್ಲಾದ ಎದುರು ಊರಿನ ಬಾಣಂತಿಯರನ್ನೇ ಕರೆಸಿ ಕೂರಿಸಿದ್ರು, ಗಾಜಿನ ಆಚೆ ಅವರು ತಮ್ಮ ಮಕ್ಕಳಿಗೆ ಮೊಲೆಹಾಲು ಕೊಡುದನ್ನು ಅದು ನೋಡ್ಲಿ ಅಂತ. ಅದು ಗಮನ ಇಟ್ಟು ನೋಡಿತಂತೆ. ಹುಟ್ಟಿದ ಮೇಲೆ ಮರಿಯನ್ನು ಚೆನ್ನಾಗಿ ಎತ್ತಿಕೊಂಡಿತು, ಆದ್ರೆ ಹಾಲು ಕುಡಿಸ್ಲಿಕ್ಕೆ ಸರಿ ಭಂಗಿ ಬರ್ಲೇ ಇಲ್ಲ, ಕೊನೆಗೆ ಬಾಟಲಿಯೇ ಆಯ್ತು. ಎಲ್ಲಾ ಪಾಠವೂ ಪಾಸಾಗುದಿಲ್ಲ. ನನ್ನ ಮೊದಲ ಬಾಣಂತನದಲ್ಲೂ ಮಗು ಎದೆ ಹಿಡಿಯದೆ ಮೂರು ದಿನ ನಾನೂ ಅದೂ ಸೇರಿ ಅತ್ತದ್ದು, ಅಮ್ಮ ಬಂದು ತಲೆದಿಂಬು ಹೀಗಿಡು ಕೈ ಹಾಗಿಡು ಅಂತ ತೋರಿಸಿದ ಮೇಲೆ ಸರಿ ಆದದ್ದು. ಎಂಟು ವರ್ಷ ಓದಿದ ಡಾಕ್ಟ್ರು ನಾನು!

ಈಗ ನಿಮ್ಮ ಮಗಳು ನೋಡಿದ ವಿಡಿಯೋ. ಅದು ಹಳೆಯದು ಅಂದ್ರಲ್ಲ, ಹೆಚ್ಚಾಗಿ ಜರ್ಮನಿಯ ಮ್ಯೂನ್‌ಸ್ಟರ್ ಝೂದ ಗಾನಾ ಇರ್ಬೇಕು, 2008ರ ಆಗಸ್ಟಿಂದು. ಅವಳ ಮೂರು ತಿಂಗಳ ಮರಿ ಕ್ಲಾಡಿಯೋ ಸತ್ತು ಹೋಯ್ತು, ಅವಳು ದಿನಗಟ್ಟಲೆ ಅದನ್ನು ಹೊತ್ತು, ಅಲುಗಾಡಿಸಿ ನೋಡಿ, ಬೆನ್ನಿಗೆ ಹಾಕಿ ತಿರುಗಾಡಿದ್ಲು. ಝೂದವರು ಕಿತ್ತುಕೊಳ್ಳಲಿಲ್ಲ, ಅವಳಾಗಿ ಬಿಡುವವರೆಗೆ ಕಾದ್ರು. ಮಗಳಿಗೆ ಈ ಇನ್ನೊಂದು ಭಾಗವನ್ನೂ ಹೇಳಿ: ಅದಕ್ಕೂ ಮೊದಲು ಇದೇ ಗಾನಾಗೆ ಒಂದು ಹೆಣ್ಣು ಮರಿ ಹುಟ್ಟಿತ್ತು, ಮೇರಿ ಅಂತ. ಅದನ್ನು ಅವಳು ಸರಿಯಾಗಿ ನೋಡಿಕೊಳ್ಳದೆ ಸಾಯುವ ಹಾಗಾಗಿ ಸ್ಟುಟ್‌ಗಾರ್ಟ್‌ನ ಝೂಗೆ ಕಳಿಸಿ ಬದುಕಿಸಿದ್ದು. ಮೊದಲ ಮರಿಯನ್ನು ಬಿಟ್ಟವಳು ಎರಡನೆಯದನ್ನು ಸತ್ತ ಮೇಲೂ ಬಿಡ್ಲಿಲ್ಲ. ದುಃಖದ ವಿಡಿಯೋವೇ, ಆದ್ರೆ ಆ ನಡುವೆ ಅವಳು ಎಷ್ಟು ಕಲ್ತಿದ್ಲು ಅಂತ ನನಗೆ ಅದರಲ್ಲಿ ಕಾಣುದು.

ಗಂಡಿನ ವಿಷಯ ಕೇಳಿದ್ರಿ. ಹನ್ನೆರಡು ಹದಿಮೂರು ವರ್ಷ ಆಗುವಾಗ ಗಂಡಿನ ಬೆನ್ನಿನ ಕೂದಲು ಬೆಳ್ಳಗಾಗ್ತದೆ, ಅದಕ್ಕೇ ಸಿಲ್ವರ್‌ಬ್ಯಾಕ್ ಅನ್ನುದು. ಒಂದು ಬಳಗಕ್ಕೆ ಸಾಮಾನ್ಯವಾಗಿ ಒಬ್ಬನೇ ಯಜಮಾನ, ಮೂರು ನಾಲ್ಕು ಹೆಣ್ಣುಗಳು, ಮಕ್ಕಳು. ಅವನು ಮರಿ ಎತ್ತಿಕೊಂಡು ತಿರುಗುದಿಲ್ಲ, ಹಾಲು ಬಿಡುವವರೆಗಿನ ಮೂರು ನಾಲ್ಕು ವರ್ಷ ಅದೆಲ್ಲ ತಾಯಿಯದ್ದೇ, ಮೊದಮೊದಲು ಎದೆಯಲ್ಲಿ, ನಾಲ್ಕು ತಿಂಗಳ ಹೊತ್ತಿಗೆ ಬೆನ್ನ ಮೇಲೆ. ಆದ್ರೆ ಬಾಣಂತಿ ಹೋಗಿ ಕೂರುದು ಅವನ ಹತ್ತಿರವೇ. ಹೆಂಗಸರೊಳಗೆ ಜಗಳ ಆದ್ರೆ ಅವನೊಂದು ಗುರ್ ಅಂದ್ರೆ ಮುಗೀತು. 150 ಕಿಲೋ ದಾಟಿದ ಆ ಪ್ರಾಣಿಯ ಬೆನ್ನ ಮೇಲೆ ಮಕ್ಕಳು ಜಾರುಬಂಡಿ ಆಡಿದ್ರೂ ಸುಮ್ನೆ ಇರ್ತಾನೆ. ಮರಿಗಳ ಕುಂಡೆಯಲ್ಲಿ ಒಂದು ಬಿಳಿ ಕೂದಲಿನ ಗೊಂಚಲು ಇರ್ತದೆ, ನಾಲ್ಕು ವರ್ಷದವರೆಗೆ, ಅದು ಇರುವವರೆಗೆ ಎಲ್ಲಾ ತಪ್ಪೂ ಮಾಫಿ. ತಾಯಿ ಸತ್ತ ಮರಿ ಅವನ ಪಕ್ಕದಲ್ಲೇ ಮಲಗಿ ಬೆಳೆದದ್ದೂ ಕಾಡಲ್ಲಿ ಕಂಡಿದ್ದಾರೆ. ಆದ್ರೆ ಇದೇ ಗಂಡು, ಬೇರೆಯವನ ಬಳಗಕ್ಕೆ ಹೊಸತಾಗಿ ಬಂದ್ರೆ, ಹಾಲು ಕುಡಿಯುವ ಮರಿಯನ್ನು ಕೊಂದುಬಿಡುವ ಅಪಾಯ ಉಂಟು. ಹಾಲು ನಿಂತ್ರೆ ತಾಯಿ ಬೇಗ ಮತ್ತೆ ಬೆದೆಗೆ ಬರ್ತದೆ, ಕಾರಣ ಅದು. ಮಗಳಿಗೆ ಈ ಒಂದು ಸಾಲು ಹೇಳ್ಬೇಡಿ, ಈಗ ಬೇಡ. ಝೂದವರು ಹೊಸ ಯಜಮಾನನನ್ನು ತರುವಾಗ ಎಷ್ಟೋ ತಿಂಗಳು ಜಾಲರಿ ನಡುವೆ ಇಟ್ಟು ನಿದ್ದೆಗೆಟ್ಟು ಕಾಯುದು ಇದಕ್ಕೇ.

ನಮ್ಮ ತುಳುನಾಡಿನ ಅಳಿಯಕಟ್ಟಲ್ಲಿ, ಅಂದ್ರೆ ತಾಯಿ ಕಡೆಯಿಂದ ಮನೆತನ ನಡೆಯುವ ಪದ್ಧತಿಯಲ್ಲಿ, ಹೆಣ್ಣುಮಕ್ಕಳು ಯಾವಾಗಲೂ ತಾಯಿಯ ತರವಾಡು ಮನೆಯವರಾಗಿಯೇ ಉಳೀತಾರೆ, ಗೊರಿಲ್ಲಾದಲ್ಲಿ ಅದು ತಿರುಗುಮುರುಗು. ಮಗಳು ಏಳೆಂಟು ವರ್ಷ ಆಗುವಾಗ ತಾನಾಗಿ ಎದ್ದು ಬೇರೆ ಯಜಮಾನನ ಬಳಗಕ್ಕೆ ಹೋಗ್ತಾಳೆ, ಹಿಡಿಸದಿದ್ರೆ ಅಲ್ಲಿಂದ ಇನ್ನೊಂದಕ್ಕೆ. ಮಗನೂ ಬೆನ್ನು ಬೆಳ್ಳಗಾಗುವ ಹೊತ್ತಿಗೆ ಹೆಚ್ಚಾಗಿ ಹೊರಗೆ. ಝೂದಲ್ಲಿ ಹೋಗುದೆಲ್ಲಿಗೆ? ಹಾಗಾಗಿ ಯುರೋಪಿನ ಝೂಗಳೆಲ್ಲ ಸೇರಿ ಒಂದು ಜಾತಕ ಪುಸ್ತಕ ಇಟ್ಟುಕೊಂಡಿದ್ದಾರೆ ಅನ್ನಿ, ಯಾವ ಹೆಣ್ಣು ಯಾವ ಊರಿಗೆ, ಯಾರಿಗೆ ಯಾರು ಸಂಬಂಧ, ಯಾರಿಗೆ ಈಗ ಮರಿ ಬೇಡ, ಎಲ್ಲಾ ಅಲ್ಲಿ ತೀರ್ಮಾನ. ಮರಿ ಬೇಡದ ಹೆಣ್ಣಿಗೆ ನಮ್ಮದೇ ಗರ್ಭನಿರೋಧಕ ಮಾತ್ರೆ ಹಣ್ಣಲ್ಲಿಟ್ಟು ಕೊಡ್ತಾರೆ. ಝೂಗಳಲ್ಲಿ ಹೆಚ್ಚಾಗಿ ಇರುವ ಪಶ್ಚಿಮ ಬಯಲಿನ ಗೊರಿಲ್ಲಾ ಕಾಡಲ್ಲಿ ತೀರಾ ಅಪಾಯದಲ್ಲಿರುವ ಪ್ರಾಣಿ, ಅಂತದ್ದಕ್ಕೆ ಮಾತ್ರೆಯಾ ಅಂತ ಕೇಳ್ಬಹುದು. ಜಾಗ ಇಲ್ಲದೆ ಹುಟ್ಟಿಸಿದ್ರೆ ಬಳಗ ಒಡೀತದೆ, ಬಳಗ ಒಡೆದ್ರೆ ಮುಂದಿನ ತಾಯಂದಿರು ಕಲಿಯುದೆಲ್ಲಿ?

ಇನ್ನೊಂದು ತಾಪತ್ರಯ ಗಂಡುಗಳದ್ದು. ಹುಟ್ಟುದು ಹೆಣ್ಣು ಗಂಡು ಹೆಚ್ಚು ಕಡಿಮೆ ಸಮ, ಬಳಗಕ್ಕೆ ಬೇಕಾದ್ದು ಒಬ್ಬ ಯಜಮಾನ. ಉಳಿದವರನ್ನು ಗಂಡುಗಳದ್ದೇ ಗುಂಪು ಮಾಡಿ ಸಾಕ್ತಾರೆ, ಬ್ಯಾಚುಲರ್ ರೂಮಿನ ಹಾಗೆ. ಥಾಬೋ ಡೆಂಬಾರನ್ನು ನಾನು ಆ ಕಣ್ಣಲ್ಲೇ ನೋಡುದು. ಮರಿ ಇಲ್ಲ ಅಂತ ಪಾಪ ಅನ್ನಿಸ್ಬಹುದು, ಆದ್ರೆ ಅಲ್ಲಿ ಮೊದಲು ಪೋಲೋ ಅಂತ ಡಬ್ಲಿನ್‌ನಿಂದ ಬಂದ ಗೊರಿಲ್ಲಾ ಇದ್ದ, ಇಡೀ ದೇಶಕ್ಕೆ ಒಬ್ಬನೇ, 2014ರಲ್ಲಿ ತೀರಿಕೊಳ್ಳುವಾಗಲೂ ಒಂಟಿ. ನಾನು ಕಾಲೇಜಿನ ಟೂರಲ್ಲಿ ಅವನನ್ನು ನೋಡಿದ್ದೆ, ಜನರ ಕಡೆ ಬೆನ್ನು ಹಾಕಿ ಕೂತಿದ್ದ. ಈಗ ಜಗಳಕ್ಕಾದ್ರೂ ಇನ್ನೊಬ್ಬ ಉಂಟಲ್ಲ.

ಪಿಲಿಕುಳಕ್ಕೆ? ಹವೆ ಅಡ್ಡಿ ಇಲ್ಲ, ಗ್ಯಾಬೊನ್, ಕಾಂಗೋ, ಕ್ಯಾಮರೂನ್ ಕಾಡಿನ ಸೆಕೆ ಮಳೆ ಎಲ್ಲಾ ನಮ್ಮ ಮಂಗಳೂರಿಂದ ದೂರ ಏನಿಲ್ಲ, ಸೊಪ್ಪಿಗೂ ಬರ ಇಲ್ಲ. ಆದ್ರೆ ನೀವು ಕೇಳಿದ ಹಾಗೆ "ಒಂದು ಜೋಡಿ" ತರುದು ಅನ್ನುವಲ್ಲಿಯೇ ತಪ್ಪುದು. ಅಮ್ಮಂದಿರನ್ನು ನೋಡಿ ಬೆಳೆದ ಎರಡು ಮೂರು ಹೆಣ್ಣು, ಅನುಭವ ಇರುವ ಯಜಮಾನ, ಮಕ್ಕಳು ದೊಡ್ಡದಾದಾಗ ಕಳಿಸ್ಲಿಕ್ಕೆ ಇನ್ನೊಂದು ಮನೆ, ಐವತ್ತು ವರ್ಷ ನಡೆಸುವ ಖರ್ಚು, ಇಷ್ಟು ಇದ್ರೆ ಮಾತಾಡ್ಬಹುದು. ನನ್ನನ್ನು ಕೇಳಿದ್ರೆ ಆ ದುಡ್ಡಲ್ಲಿ ನಮ್ಮದೇ ಘಟ್ಟದ ಪ್ರಾಣಿಗಳಿಗೆ ಒಳ್ಳೆ ಜಾಗ ಮಾಡುದು ವಾಸಿ.

ಮಗಳಿಗೆ ಸಂಸಾರವೇ ನೋಡ್ಬೇಕಿದ್ರೆ ಪಿಲಿಕುಳದಲ್ಲಿ ಸೀಳುನಾಯಿಗಳುಂಟು, ಒಂದು ಹೆತ್ರೆ ಇಡೀ ಗುಂಪು ಬೇಟೆ ತಿಂದು ಬಂದು ಮರಿಗಳಿಗೆ ಕಾರಿ ಕೊಡುವ ಜಾತಿ ಅದು, ಚಿಕ್ಕಮ್ಮ ದೊಡ್ಡಮ್ಮ ಮಾವ ಎಲ್ಲಾ ಸೇರಿ ಸಾಕುದು. ಬೆಳಿಗ್ಗೆ ಬೇಗ ಹೋಗಿ, ಬಿಸಿಲೇರಿದ ಮೇಲೆ ಹೋದ್ರೆ ಎಲ್ಲಾ ಮಲಗಿರ್ತವೆ. ಮತ್ತೆ ತಂಗಿಗೆ ಹೆರಿಗೆ ಆದ ಮೇಲೆ ಮಗಳನ್ನು "ಹೋಗು ಆಟ ಆಡ್ಕೊ" ಅಂತ ಬಾಣಂತಿ ಕೋಣೆಯಿಂದ ಓಡಿಸ್ಬೇಡಿ, ಕೈ ತೊಳೆಸಿ ಹತ್ತಿರ ಕೂರಿಸಿ, ನೋಡ್ಲಿ.